ಮಾಡು ಬಿಚ್ಚುವ ಮುನ್ನ

ಹಳೆಯ ಮನೆಯೊಂದನ್ನು ದುರಸ್ತಿ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಖರ್ಚಿನದು. ಎರಡನೆಯದು, ಇದ್ದುದನ್ನೇ ಸರಿಪಡಿಸುವುದೋ ಅಥವಾ ಕೆಡವಿ ಹೊಸದು ಕಟ್ಟುವುದೋ ಎಂಬುದು. ಈ ಎರಡಕ್ಕೂ ಮೊದಲು ಇತ್ಯರ್ಥವಾಗಬೇಕಾದ ಇನ್ನೊಂದು ಪ್ರಶ್ನೆಯಿದೆ: ಈ ಮನೆ ಯಾರದು? ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಇದರ ಉತ್ತರ ಬಹುತೇಕ ಎಲ್ಲರಿಗೂ ಗೊತ್ತಿರುತ್ತದೆ, ಕೇಳುವವರು ಮಾತ್ರ ಇರುವುದಿಲ್ಲ.

ನಮ್ಮ ಮನೆ ಬಂಟ್ವಾಳ ತಾಲೂಕಿನಲ್ಲಿ, ನೇತ್ರಾವತಿಯಿಂದ ಅರ್ಧ ಮೈಲಿ ದೂರದಲ್ಲಿದೆ. ಅಜ್ಜ ಕಟ್ಟಿಸಿದ್ದು. ಕೆಂಪುಕಲ್ಲಿನ ಗೋಡೆ, ಮಣ್ಣಿನ ಗಾರೆ, ಹಲಸು ಮತ್ತು ಕಿರಾಲುಬೋಗಿಯ ಮರ, ಮೇಲೆ ಮಂಗಳೂರು ಹಂಚು. 1974ರ ನೆರೆಯಲ್ಲಿ ನೀರು ಜಗಲಿಯ ಮೇಲಿನ ಮೆಟ್ಟಿಲಿನವರೆಗೆ ಬಂದು ನಿಂತಿತ್ತೆಂದು ಉಮ್ಮ ಹೇಳುತ್ತಾರೆ. ಆಗ ಅವರು ಈ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತಂತೆ. ಆ ಬಳಿಕ ಅವರು ಒಂದು ಮಳೆಗಾಲವನ್ನೂ ಬೇರೆ ಮನೆಯಲ್ಲಿ ಕಳೆದವರಲ್ಲ.

ಉಪ್ಪ ತೀರಿಕೊಂಡು ಆರು ವರ್ಷಗಳಾಗುವಷ್ಟರಲ್ಲಿ ಮನೆ ತೀರಾ ಸೋತಿತ್ತು. ಪಕ್ಕಾಸುಗಳ ತುದಿಗಳನ್ನು ಗೆದ್ದಲು ತಿಂದಿತ್ತು. ಪಡುವಣ ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತು. ಮಂಡಿನೋವಿನ ಉಮ್ಮ ರಾತ್ರಿ ಹೊತ್ತು ಅಂಗಳ ದಾಟಿ ಹಿತ್ತಿಲಿನ ಶೌಚಾಲಯಕ್ಕೆ ಹೋಗಬೇಕಿತ್ತು. ದಮ್ಮಾಮಿನಲ್ಲಿರುವ ತಮ್ಮನ ಅಭಿಪ್ರಾಯ ಸ್ಪಷ್ಟವಾಗಿತ್ತು: ಎಲ್ಲವನ್ನೂ ಕೆಡವಿ ತಾರಸಿ ಮನೆ ಕಟ್ಟೋಣ, ಕಡಿಮೆ ಬಿದ್ದುದನ್ನು ಬ್ಯಾಂಕಿನಿಂದ ತೆಗೆಯೋಣ. ಬಡ್ಡಿಯ ಸಾಲದ ಮನೆಯಲ್ಲಿ ತಾನು ನಮಾಝ್ ಮಾಡುವುದಿಲ್ಲವೆಂದು ಉಮ್ಮ ಒಂದೇ ಮಾತಿನಲ್ಲಿ ಹೇಳಿದರು. ಹೀಗೆ ದುರಸ್ತಿಯೆಂಬ ತೀರ್ಮಾನವು ಚರ್ಚೆಯಿಲ್ಲದೆ ಆಯಿತು.

ಮಾಡು ನೋಡಲು ಬಂದ ಆಚಾರ್ರು ನಮ್ಮೂರಿನವರೇ. ಅವರ ತಂದೆಯೇ ಈ ಮನೆಯ ಬಾಗಿಲುಗಳನ್ನು ಮಾಡಿದ್ದು. ಏಣಿ ಹತ್ತಿ ಪ್ರತಿಯೊಂದು ಪಕ್ಕಾಸನ್ನೂ ಉಳಿಯ ಹಿಡಿಯಿಂದ ತಟ್ಟಿ, ಸದ್ದು ಕೇಳಿ, ಸುಣ್ಣದ ಗೆರೆ ಹಾಕುತ್ತಾ ಹೋದರು. ಎಲ್ಲ ಮುಗಿಸಿ ಜಗಲಿಯಲ್ಲಿ ಕುಳಿತು ಚಹಾ ಕುಡಿಯುವಾಗ ಕೇಳಿದರು: "ಮಾಷ್ಟ್ರೇ, ಮಾಡು ಬಿಚ್ಚುವುದು ಎರಡು ದಿನದ ಕೆಲಸ, ಮುಚ್ಚುವುದು ತಿಂಗಳಿನದು. ನಡುವೆ ಯಾರಾದರೂ ಬಂದು ನಿಲ್ಲಿಸಿ ಎಂದರೆ ಮನೆ ಉಳಿಯುವುದಿಲ್ಲ. ಪಾಲುಗಾರರೆಲ್ಲ ಒಪ್ಪಿದ್ದಾರಾ?" ಅವರು ಹಿಂದೊಮ್ಮೆ ಒಂದು ದೊಡ್ಡ ಮನೆಯ ಮಾಡು ಬಿಚ್ಚಿದ್ದರಂತೆ. ಅಣ್ಣತಮ್ಮಂದಿರಲ್ಲಿ ಒಬ್ಬರು ಕೋರ್ಟಿನಿಂದ ತಡೆಯಾಜ್ಞೆ ತಂದರು. ಮರುತಿಂಗಳು ಮಳೆ ಹಿಡಿಯಿತು. ತಡೆಯಾಜ್ಞೆ ತೆರವಾಗುವ ಹೊತ್ತಿಗೆ ಪಾಲು ಮಾಡಲು ಅಲ್ಲಿ ಗೋಡೆಗಳೇ ಇರಲಿಲ್ಲ.

ಉಪ್ಪನ ನಂತರ ನಾನು ಈ ವಿಷಯವನ್ನು ಮನೆಯಲ್ಲಿ ಎರಡು ಬಾರಿ ಎತ್ತಿದ್ದೆ. ಮನೆ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂಬ ಉತ್ತರ ಬಂದಿತ್ತು. ಆಚಾರ್ರು ಹೇಳಿದ ಕಥೆಯನ್ನು ಆ ರಾತ್ರಿ ತಮ್ಮನಿಗೆ ಫೋನಿನಲ್ಲಿ ಹಾಗೆಯೇ ಒಪ್ಪಿಸಿದೆ. ಧರ್ಮದ ಮಾತಿಗೆ ಬಗ್ಗದವನು ಮಳೆಯ ಮಾತಿಗೆ ಬಗ್ಗಿದನು ಎನ್ನಬಹುದು. ಆಗಲಿ, ಯಾವ ಬಾಗಿಲಿನಿಂದ ಬಂದರೂ ಬಂದದ್ದು ಒಳ್ಳೆಯದೇ.

ಲೆಕ್ಕ ಹೀಗಿತ್ತು. ಅಜ್ಜ ತೀರಿದಾಗ ಅಜ್ಜಿ, ಒಬ್ಬ ಮಗ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದರು. ಅಜ್ಜಿಗೆ ಎಂಟರಲ್ಲೊಂದು. ಉಳಿದುದರಲ್ಲಿ ಮಗನಿಗೆ ಎರಡು ಪಾಲು, ಹೆಣ್ಣುಮಕ್ಕಳಿಗೆ ಒಂದೊಂದು. ಮುಂದೆ ಅಜ್ಜಿ ತೀರಿದಾಗ ಅವರ ಎಂಟರಲ್ಲೊಂದು ಕೂಡ ಇದೇ ಪ್ರಮಾಣದಲ್ಲಿ ಮಕ್ಕಳಿಗೆ ಹೋಯಿತು. ಒಟ್ಟಿನಲ್ಲಿ ಉಪ್ಪನಿಗೆ ಅರ್ಧ, ಇಬ್ಬರು ಅತ್ತೆಯಂದಿರಿಗೆ ಕಾಲು ಕಾಲು. ಉಪ್ಪನ ಅರ್ಧದಲ್ಲಿ ಉಮ್ಮನಿಗೆ ಎಂಟರಲ್ಲೊಂದು. ಮಿಕ್ಕಿದ್ದು ನನಗೆ, ತಮ್ಮನಿಗೆ, ತಂಗಿಗೆ ಎರಡು-ಎರಡು-ಒಂದರಂತೆ. ಮದ್ರಸದಲ್ಲಿ ಫರಾಇದ್ ಎಂಬ ವಾರೀಸು ಶಾಸ್ತ್ರವನ್ನು ಕಲಿಯುವಾಗ ಬಿಡಿಸಿದ ಎಷ್ಟೋ ಲೆಕ್ಕಗಳಂತೆ ಇದೂ ಒಂದು. ಕೊನೆಯ ಸಾಲಿನಲ್ಲಿ ನನ್ನ ಪಾಲು ಬಂದು ನಿಂತಿತು: ಇಡೀ ಮನೆಯನ್ನು ನಲವತ್ತು ಭಾಗ ಮಾಡಿದರೆ ಅದರಲ್ಲಿ ಏಳು. ಹುಟ್ಟಿದಂದಿನಿಂದ ನನ್ನ ಮನೆಯೆಂದು ಹೇಳುತ್ತಾ ಬಂದ ಮನೆಯಲ್ಲಿ ನನ್ನದೆನ್ನುವುದು ಸುಮಾರಾಗಿ ಅಡುಗೆಮನೆಯಷ್ಟು ಜಾಗ! ಉಮ್ಮ ಕನ್ನಡಕ ಹಾಕಿಕೊಂಡು ಕಾಗದ ನೋಡಿದರು. "ನನ್ನದನ್ನೂ ಸರಿಯಾಗಿ ಬರೆ, ಮರೆತುಬಿಟ್ಟೀಯಾ" ಎಂದರು.

ಅತ್ತೆಯಂದಿರ ಅರ್ಧದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇದು ನಮ್ಮ ಒಂದು ಮನೆಯ ಸಂಗತಿಯಲ್ಲ. ಮದುವೆಯಲ್ಲಿ ಚಿನ್ನ ಹಾಕಿದ್ದೇವೆ, ಬಾಣಂತನ ಮಾಡಿದ್ದೇವೆ, ಪ್ರತಿ ಪೆರ್ನಾಲಿಗೆ ಬಟ್ಟೆ ಕೊಟ್ಟಿದ್ದೇವೆ, ಇನ್ನೇನು ಪಾಲು ಎಂಬ ಮಾತು ನಮ್ಮಲ್ಲಿ ಎಷ್ಟು ಸಹಜವಾಗಿ ಬರುತ್ತದೆಯೆಂದರೆ, ಅದು ಶರೀಅತ್ತಿನ ಒಂದು ವಿಧಿಯೇ ಇರಬೇಕೆಂದು ಮಕ್ಕಳು ತಿಳಿದಾರು. ತಂದೆ ಬದುಕಿದ್ದಾಗ ಮಗಳಿಗೆ ಕೊಟ್ಟದ್ದು ಉಡುಗೊರೆ, ತಂದೆ ತೀರಿದ ಮೇಲೆ ಬರುವುದು ಹಕ್ಕು. ಒಂದನ್ನು ಕೊಟ್ಟದ್ದರಿಂದ ಇನ್ನೊಂದು ತೀರುವುದಿಲ್ಲ. ಅನ್ನಿಸಾ ಅಧ್ಯಾಯವು ಪಾಲುಗಳನ್ನು ಹೆಸರು ಹಿಡಿದು ನಿಗದಿಪಡಿಸಿ, ಅವನ್ನು ಅಲ್ಲಾಹನ ಮೇರೆಗಳೆಂದು ಕರೆದಿದೆ. ನಮಾಝಿನ ರಕ್‌ಅತ್‌ಗಳ ಸಂಖ್ಯೆಯನ್ನು ಕುರ್‌ಆನ್ ವಿವರಿಸಿಲ್ಲ, ಪಾಲಿನ ಭಿನ್ನರಾಶಿಗಳನ್ನು ವಿವರಿಸಿದೆ. ಈ ಒಂದು ವ್ಯತ್ಯಾಸವನ್ನು ಓದುಗರು ಯೋಚಿಸಬೇಕು.

ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ)ರ ಪತ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳೊಡನೆ ಪ್ರವಾದಿ(ಸ)ರ ಬಳಿಗೆ ಬಂದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಮಕ್ಕಳ ಚಿಕ್ಕಪ್ಪ ಎಲ್ಲ ಆಸ್ತಿಯನ್ನೂ ತೆಗೆದುಕೊಂಡಿದ್ದನು. ಪಾಲಿನ ಸೂಕ್ತ ಅವತೀರ್ಣವಾದ ಮೇಲೆ ಪ್ರವಾದಿ(ಸ)ರು ಆತನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು, ಅವರ ತಾಯಿಗೆ ಎಂಟರಲ್ಲೊಂದು ಕೊಟ್ಟು, ಮಿಕ್ಕಿದ್ದನ್ನು ನೀನು ಇಟ್ಟುಕೋ ಎಂದು ಆದೇಶಿಸಿದರು. ಆ ತಾಯಿ ಬಂದು ಕೇಳಿದರು ಎಂಬುದನ್ನು ಗಮನಿಸಿರಿ. ನಮ್ಮ ಅತ್ತೆಯಂದಿರು ಯಾಕೆ ಕೇಳಲಿಲ್ಲ?

ಹಿರಿಯ ಅತ್ತೆ ಹತ್ತು ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು. ಅವರ ಪಾಲು ಈಗ ಮೂವರು ಮಕ್ಕಳದು. ಕಿರಿಯ ಅತ್ತೆ ಪುತ್ತೂರು ಕಡೆಯಲ್ಲಿ ಮಗನೊಂದಿಗಿದ್ದಾರೆ. ತಂಗಿಯನ್ನು ಕರೆದುಕೊಂಡು ಅವರಲ್ಲಿಗೆ ಹೋಗಿ, ಲೆಕ್ಕದ ಕಾಗದವನ್ನು ಮುಂದಿಟ್ಟೆ. ಅವರಿಗೆ ಓದು ಬಾರದು. ತಂಗಿ ಓದಿ ಹೇಳಿದಳು. ಬಹಳ ಹೊತ್ತು ಸುಮ್ಮನಿದ್ದು, "ನಾನು ಪಾಲು ಕೇಳಲಿಲ್ಲವಲ್ಲಾ ಮೋನೇ" ಎಂದರು. ಕೇಳದಿದ್ದರೂ ನಿಮ್ಮದೇ ಎಂದೆ. ಅದಕ್ಕೆ ಅವರು ನನ್ನ ಮುಖ ನೋಡದೆ ಹೇಳಿದರು: "ಕೇಳಿದ್ದರೆ ಆ ಮನೆಯ ಬಾಗಿಲು ನನಗೆ ತೆರೆದಿರುತ್ತಿತ್ತಾ? ಪೆರ್ನಾಲಿಗೆ ಬರಬೇಕು, ನಿನ್ನ ಉಪ್ಪನ ಮುಖ ನೋಡಬೇಕು ಅಂತ ಇತ್ತು ನನಗೆ." ಉಪ್ಪ ತಂಗಿಯನ್ನು ಬಹಳ ಪ್ರೀತಿಸುತ್ತಿದ್ದರು. ಅವರು ಬಾಗಿಲು ಮುಚ್ಚುತ್ತಿದ್ದರೆಂದು ನಾನು ನಂಬಲಾರೆ. ಆದರೆ ತೆರೆದೇ ಇರುತ್ತದೆಂಬ ಭರವಸೆಯನ್ನು ನಮ್ಮ ಸಮಾಜ ಆಕೆಗೆ ಕೊಟ್ಟಿರಲಿಲ್ಲ. ಪಾಲು ಕೇಳಿದ ಹೆಣ್ಣುಮಗಳ ಬಗ್ಗೆ ಮದುವೆ ಮನೆಗಳಲ್ಲಿ ಏನು ಮಾತು ಬರುತ್ತದೆಂದು ನಾವೆಲ್ಲ ಕೇಳಿದವರೇ.

ಜುಮಾ ದಿನ ನಾವು ಪಾರಾಯಣ ಮಾಡುವ ಅಲ್ ಕಹ್ಫ್ ಅಧ್ಯಾಯದಲ್ಲಿ ಒಂದು ಮನೆ ದುರಸ್ತಿಯ, ಅಥವಾ ಗೋಡೆ ದುರಸ್ತಿಯ, ಪ್ರಸಂಗವಿದೆ. ಪ್ರವಾದಿ ಮೂಸಾ(ಅ) ಮತ್ತು ಅವರ ಜ್ಞಾನಿ ಸಹಪ್ರಯಾಣಿಕ ಖಿದ್ರ್(ಅ) ಹಸಿದು ಒಂದು ಊರಿಗೆ ಬರುತ್ತಾರೆ. ಊರವರು ಊಟ ಕೊಡುವುದಿಲ್ಲ. ಆದರೂ ಅಲ್ಲಿ ಬೀಳಲಿದ್ದ ಒಂದು ಗೋಡೆಯನ್ನು ಖಿದ್ರ್(ಅ) ನಿಲ್ಲಿಸಿ ಸರಿಪಡಿಸುತ್ತಾರೆ. ಕೂಲಿಯನ್ನಾದರೂ ಪಡೆಯಬಹುದಿತ್ತಲ್ಲ ಎಂದು ಮೂಸಾ(ಅ) ಕೇಳುತ್ತಾರೆ. ನಂತರ ತಿಳಿಯುವುದೇನೆಂದರೆ, ಅದು ಇಬ್ಬರು ಅನಾಥ ಬಾಲಕರ ಗೋಡೆ. ಅದರಡಿಯಲ್ಲಿ ಅವರ ನಿಧಿಯಿದೆ. ಗೋಡೆ ಬಿದ್ದರೆ ನಿಧಿ ಬಯಲಾಗಿ ಬೇರೆಯವರ ಪಾಲಾಗುತ್ತದೆ. ಬಾಲ್ಯದಿಂದ ಎಷ್ಟೋ ಬಾರಿ ಓದಿದ ಈ ಭಾಗ ಆ ತಿಂಗಳು ನನಗೆ ಬೇರೆ ರೀತಿಯಲ್ಲಿ ಕಾಣಿಸಿತು. ಅಲ್ಲಿ ಗೋಡೆಯನ್ನು ಕಟ್ಟಿದ್ದು ಗೋಡೆ ಚಂದ ಕಾಣಲೆಂದಲ್ಲ, ಯಾರದೋ ಹಕ್ಕು ಅವರ ಕೈ ಸೇರುವ ತನಕ ಉಳಿಯಲೆಂದು. ನಾವು ಎಷ್ಟೋ ಮನೆಗಳಲ್ಲಿ ಇದರ ವಿರುದ್ಧವನ್ನು ಮಾಡುತ್ತೇವೆ. ಗೋಡೆಗೆ ಹೊಸ ಬಣ್ಣ ಬಳಿದು ಹಕ್ಕನ್ನು ಅದರಡಿಯಲ್ಲಿ ಖಾಯಂ ಆಗಿ ಹೂತುಬಿಡುತ್ತೇವೆ.

ತಮ್ಮನ ಆಕ್ಷೇಪ ಒಂದು ಉಳಿದಿತ್ತು. ಇಷ್ಟು ವರ್ಷ ಉಪ್ಪ ಮನೆಗೆ ಮಾಡಿದ ಖರ್ಚಿನ ಕಥೆಯೇನು? ಊರಿನ ಹಿರಿಯ ಆಲಿಮರೊಬ್ಬರನ್ನು ಮನೆಗೆ ಕರೆಸಿ, ಎಲ್ಲರನ್ನೂ ಕೂರಿಸಿದೆವು. ತಮ್ಮ ದಮ್ಮಾಮಿನಿಂದ ಫೋನಿನಲ್ಲಿದ್ದನು. ಅಷ್ಟೂ ವರ್ಷ ಬಾಡಿಗೆಯಿಲ್ಲದೆ ವಾಸಿಸಿದ್ದಕ್ಕೂ ಆ ಖರ್ಚಿಗೂ ಸಮವೆಂದು ಇತ್ತಂಡದವರೂ ಒಪ್ಪುವುದಾದರೆ ಸಂಧಾನ ಮಾಡಿಕೊಳ್ಳಿ ಎಂದರು ಅವರು. ಒಪ್ಪಿದೆವು. ಅಜ್ಜನ ನಲವತ್ತು ಸೆಂಟ್ಸ್ ಜಾಗದಲ್ಲಿ ರಸ್ತೆಯ ಕಡೆಯ ಇಪ್ಪತ್ತು ಸೆಂಟ್ಸ್ ಅತ್ತೆಗೂ ದಿವಂಗತ ಅತ್ತೆಯ ಮಕ್ಕಳಿಗೂ. ಹಳೆಯ ಮನೆಯ ಕಟ್ಟಡಕ್ಕೆ ನಿಗದಿಯಾದ ಬೆಲೆಯಲ್ಲಿ ಅವರ ಅರ್ಧ, ಅಂದರೆ 2,40,000 ರೂಪಾಯಿಯನ್ನು ತಮ್ಮನೂ ನಾನೂ ಸೇರಿ ನಾಲ್ಕು ಕಂತುಗಳಲ್ಲಿ ಎರಡು ವರ್ಷಗಳೊಳಗೆ ಕೊಡುವುದು. ಅತ್ತೆಯ ಮಗನೊಬ್ಬ ಅಲ್ಲಿಯೇ ಎದ್ದುನಿಂತು, ನನ್ನ ಪಾಲನ್ನು ಬಿಟ್ಟುಕೊಟ್ಟೆ ಎಂದನು. ಆಲಿಮರು ಅವನನ್ನು ಕೂರಿಸಿದರು. "ಹಣ ನಿನ್ನ ಕೈಗೆ ಬರಲಿ, ಒಂದು ರಾತ್ರಿ ನಿನ್ನ ಮನೆಯಲ್ಲಿರಲಿ. ಆ ಮೇಲೆ ಬೇಕಾದರೆ ಕೊಡು. ಈಗ ಕೊಡುತ್ತಿರುವುದು ನೀನಲ್ಲ, ನಿನ್ನ ನಾಚಿಕೆ." ಈ ಮಾತನ್ನು ಹೆಣ್ಣುಮಕ್ಕಳಿಂದ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಎಲ್ಲ ಮನೆಗಳಿಗೂ ಹೇಳಬೇಕೆನಿಸಿತು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ವಿವರವಾಗಿ ಆದೇಶಿಸುವ ಅಲ್ ಬಕರ ಅಧ್ಯಾಯದ 282ನೇ ಸೂಕ್ತವು ಕುರ್‌ಆನಿನಲ್ಲೇ ಅತಿ ದೀರ್ಘವಾದ ಸೂಕ್ತ. ನಾವೂ ಬರೆದೆವು, ಸಾಕ್ಷಿಗಳ ಸಹಿ ಹಾಕಿಸಿದೆವು, ಬಳಿಕ ನೋಂದಣಿಯನ್ನೂ ಮಾಡಿಸಿದೆವು. ಹಿಂದಿನ ಮಳೆಗಾಲದಲ್ಲಿ ಬಿದ್ದು, ಸಿಗಿಸಿ ಒಣಗಲಿಟ್ಟಿದ್ದ ಹಲಸಿನ ಮರವನ್ನು ದುರಸ್ತಿಗೆ ಬಳಸಲು ಪ್ರತ್ಯೇಕವಾಗಿ ಒಪ್ಪಿಗೆ ಪಡೆದೆವು. ಅದು ಕೂಡ ಎಲ್ಲರ ಮರವೇ ತಾನೇ?

ಇಷ್ಟಾಗುವಾಗ ರಮಝಾನ್ ಬಂದಿತ್ತು. ಈದ್ ಮುಗಿದ ಮೂರನೆಯ ದಿನ ಕೆಲಸ ಶುರು. ಪತ್ತನಾಜೆಯ ಒಳಗೆ, ಅಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ಮಾಡು ಮುಚ್ಚಿರಬೇಕು ಎಂಬುದು ಆಚಾರ್ರ ಷರತ್ತು.

ಹಣದ ಬಗ್ಗೆ ಒಂದು ಮಾತು. ಕೈಯಲ್ಲಿದ್ದುದು, ತಮ್ಮ ಕಳುಹಿಸಿದ್ದು, ಇಬ್ಬರು ಸ್ನೇಹಿತರು ಬಡ್ಡಿಯಿಲ್ಲದೆ ಕೈಸಾಲವಾಗಿ ಕೊಟ್ಟದ್ದು, ಎಲ್ಲ ಸೇರಿ 3,80,000 ರೂಪಾಯಿ. ಇದರೊಳಗೆ ಎಷ್ಟಾಗುತ್ತದೋ ಅಷ್ಟೇ ಎಂದು ನಿರ್ಧರಿಸಿದೆವು. ಪ್ರವಾದಿ(ಸ)ರಿಗೆ ದೌತ್ಯ ಸಿಗುವ ಮುಂಚೆ ಕುರೈಶರು ಕಅಬಾವನ್ನು ಪುನರ್ನಿರ್ಮಿಸಿದಾಗ, ಶುದ್ಧ ಸಂಪಾದನೆಯನ್ನು ಮಾತ್ರ ಅದಕ್ಕೆ ಬಳಸಬೇಕೆಂದು ತೀರ್ಮಾನಿಸಿದ್ದರು. ಹಣ ಸಾಲದೆ ಹೋಯಿತು. ಅವರು ಕಟ್ಟಡವನ್ನೇ ಕಿರಿದುಗೊಳಿಸಿದರು. ಹಾಗೆ ಹೊರಗುಳಿದ ಭಾಗವೇ ಹತೀಮ್, ಹಜ್ಜಿಗೆ ಹೋದವರು ಕಣ್ಣಾರೆ ನೋಡಿರುತ್ತಾರೆ. ವಿಗ್ರಹಾರಾಧನೆಯ ಕಾಲದ ಜನರೂ ಅಲ್ಲಾಹನ ಭವನಕ್ಕೆ ಬಡ್ಡಿಯ ಹಣ ಬೇಡವೆಂದರು. ನಮ್ಮ ಮನೆಯ ಹತೀಮ್ ಎಂದರೆ ಹಿತ್ತಿಲಿನ ಸೌದೆ ಕೊಟ್ಟಿಗೆ. ಹೋಲಿಕೆಯನ್ನು ಅಲ್ಲಾಹನು ಮನ್ನಿಸಲಿ. ಅದನ್ನು ಮುಟ್ಟಲಿಲ್ಲ.

ಎರಡು ಇಳಿಜಾರುಗಳಿಂದ ಇಳಿಸಬೇಕಾದ ಹಂಚು ಎರಡು ಸಾವಿರದಷ್ಟಿತ್ತು. ಒಂದೊಂದು ಎರಡೂವರೆ ಕಿಲೋ ಎಂದರೂ ಐದು ಟನ್ ಭಾರ. ಅಷ್ಟು ವರ್ಷ ಆ ಭಾರವನ್ನು ತಲೆಯ ಮೇಲಿಟ್ಟುಕೊಂಡು ನಾವು ನಿದ್ದೆ ಮಾಡಿದ್ದೆವು. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದೇ ಇದಕ್ಕಿರುವ ಮಾರ್ಗ. ನನ್ನ ಹಳೆಯ ವಿದ್ಯಾರ್ಥಿಗಳು ಬಂದರು. ಈಗ ಅವರು ರಿಕ್ಷಾ ಚಾಲಕರು, ಅಂಗಡಿಯವರು, ಒಬ್ಬ ಇಂಜಿನಿಯರು. ಈಗ ಮದ್ರಸದಲ್ಲಿ ಕಲಿಯುತ್ತಿರುವ ಮಕ್ಕಳನ್ನು ನಾನು ಕರೆಯಲಿಲ್ಲ, ಬಂದವರನ್ನೂ ಶರಬತ್ತು ಕೊಟ್ಟು ಮನೆಗೆ ಕಳುಹಿಸಿದೆ. ಉಸ್ತಾದರು ಹೇಳಿದರೆ ಮಗು ಇಲ್ಲವೆನ್ನಲಾರದು, ಇಲ್ಲವೆನ್ನಲಾರದವನ ಸೇವೆಯನ್ನು ಸೇವೆಯೆನ್ನಲಾಗದು.

ಹಂಚುಗಳ ಬೆನ್ನ ಮೇಲಿನ ಹಾವಸೆಯನ್ನು ತೆಂಗಿನ ಗುಂಜಿನಿಂದ ತಿಕ್ಕಿ ತೊಳೆದಾಗ ಕಾರ್ಖಾನೆಗಳ ಹೆಸರುಗಳು ಮೇಲೆದ್ದು ಬಂದವು. ಈ ಹಂಚಿನ ಕಥೆಯೂ ಸ್ವಾರಸ್ಯಕರ. ಜರ್ಮನ್ ಮಿಶನರಿ ಜಾರ್ಜ್ ಪ್ಲೆಬ್ಸ್ಟ್ ಬಾಸೆಲ್ ಮಿಶನ್ನಿನ ಪರವಾಗಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ಇದೇ ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆ ತೆರೆದನು. ನದಿದಡದ ಜೇಡಿಮಣ್ಣು ಸುಟ್ಟು ಗಟ್ಟಿಯಾಗಿ, ಹಡಗು ಹತ್ತಿ ದೂರದೂರದ ಊರುಗಳಿಗೆ ಹೋಯಿತು. ಕ್ರೈಸ್ತ ಮಿಶನ್ನಿನ ಅಚ್ಚು, ಹಿಂದೂ ಆಚಾರಿಯ ಮರದ ಕಟ್ಟು, ಅದರ ಕೆಳಗೆ ಬ್ಯಾರಿಗಳ ಮನೆ. ಇದರಲ್ಲಿ ಯಾರಿಗೂ ಎಂದೂ ವಿಶೇಷವೇನೂ ಕಂಡಿರಲಿಲ್ಲ.

ಬೆರಳ ಗೆಣ್ಣಿನಿಂದ ತಟ್ಟಿದರೆ ಒಳ್ಳೆಯ ಹಂಚು ಗಂಟೆಯಂತೆ ಕಣಕಣ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಸತ್ತಿರುತ್ತದೆ. ಒಂದು ದಿನ ತಟ್ಟುತ್ತಾ ಕುಳಿತರೆ ಕಿವಿ ತಾನಾಗಿ ಕಲಿಯುತ್ತದೆ. ಮುನ್ನೂರರಷ್ಟು ಹಂಚುಗಳು ಅನರ್ಹವಾದವು. ಬದಲಿಗೆ, ಪಕ್ಕದೂರಿನಲ್ಲಿ ಕೆಡವಿದ ಮನೆಯೊಂದರಿಂದ ಹಳೆಯ ಹಂಚುಗಳನ್ನೂ ಕೆಲವು ಪಕ್ಕಾಸುಗಳನ್ನೂ ಕೊಂಡೆವು. ಬೇರೆ ಬೇರೆ ಕಾರ್ಖಾನೆಯ ಹಂಚುಗಳ ಅಳತೆಯಲ್ಲಿ ಕೂದಲಿನಷ್ಟು ವ್ಯತ್ಯಾಸವಿರುತ್ತದೆ. ಬೆರೆಸಿ ಹಾಕಿದರೆ ಒಂದರ ತೋಡಿನಲ್ಲಿ ಇನ್ನೊಂದು ಕೂರದೆ ಮಳೆನೀರು ಒಳಗೆ ಬರುತ್ತದೆ. ಆದುದರಿಂದ ಒಂದೊಂದು ಜಾತಿಯನ್ನು ಒಂದೊಂದು ಕಡೆ ಬೇರೆಯಾಗಿ ಜೋಡಿಸಿ, ರೀಪುಗಳ ಅಂತರವನ್ನು ಹಂಚಿಗೆ ತಕ್ಕಂತೆ ಹನ್ನೆರಡೂವರೆ ಅಂಗುಲದ ಆಸುಪಾಸಿನಲ್ಲಿ ಹೊಂದಿಸಬೇಕಾಯಿತು. ಪಕ್ಕಾಸುಗಳ ಕೊಳೆತ ತುದಿಯನ್ನು ಮಾತ್ರ ಕತ್ತರಿಸಿ, ಒಣ ಹಲಸಿನ ತುಂಡನ್ನು ಓರೆಗೆ ಕೊರೆದು ಕೂಡಿಸಿ, ಗೋಡೆಯೊಳಗೆ ಹೋಗುವ ಭಾಗಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದೆವು. ಆ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ. ಗೆದ್ದಲು ಅದರ ಹತ್ತಿರ ಸುಳಿಯದು.

ಗೋಡೆಯ ಕೆಲಸಕ್ಕೆ ಬಂದ ಮೇಸ್ತ್ರಿ ವಯಸ್ಸಾದವರು, ಸುಣ್ಣದ ಗಾರೆ ಬಲ್ಲ ಕೊನೆಯ ತಲೆಮಾರಿನವರು. ಇಪ್ಪತ್ತು ವರ್ಷಗಳ ಹಿಂದೆ ಯಾರೋ ಪಡುವಣ ಗೋಡೆಗೆ ಸಿಮೆಂಟು ಬಳಿದುದೇ ಅದರ ರೋಗಕ್ಕೆ ಕಾರಣವೆಂದು ಅವರು ಹೇಳಿದರು. ಕೆಂಪುಕಲ್ಲು ನೆಲದ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಅದರ ಬಾಯಿ ಮುಚ್ಚಿಸುತ್ತದೆ. ತೇವ ಒಳಗೇ ಉಳಿದು ಮಣ್ಣಿನ ಗಾರೆಯನ್ನು ಕರಗಿಸುತ್ತದೆ. ಸಿಮೆಂಟು ಕೆತ್ತಿ, ಹೊಟ್ಟೆ ಬಿಟ್ಟ ಕಲ್ಲುಗಳನ್ನು ಬಿಚ್ಚಿ ಮತ್ತೆ ಕಟ್ಟಿ, ವಾರಗಟ್ಟಲೆ ನೀರಿನಲ್ಲಿ ಅರಳಿಸಿದ ಸುಣ್ಣಕ್ಕೆ ಮೂರು ಪಟ್ಟು ಮರಳು ಮತ್ತು ಬೆಲ್ಲದ ನೀರು ಬೆರೆಸಿ ಬಳಿದರು. ನಾನು ಅವರ ಸಹಾಯಕನಾಗಿ ಗಾರೆ ಕಲಸಿದೆ. ಇದರಲ್ಲಿ ಆತುರ ನಡೆಯುವುದಿಲ್ಲ. ಒಂದು ಪದರ ಗಟ್ಟಿಯಾಗುವ ತನಕ ದಿನಕ್ಕೆ ಎರಡು ಬಾರಿ ನೀರು ಚಿಮುಕಿಸುತ್ತಾ ಕಾಯಬೇಕು.

ಸಂಬಂಧಿಕರೊಬ್ಬರು ಬಂದು ನೋಡಿ, ನಮ್ಮವರು ಯಾರೂ ಸಿಗಲಿಲ್ಲವೇ ಎಂದು ಮೆಲ್ಲನೆ ಕೇಳಿದರು. ಹಿಜ್‌ರತ್‌ನ ದಾರಿಯಲ್ಲಿ, ತಲೆಗೆ ಬಹುಮಾನ ಘೋಷಣೆಯಾಗಿದ್ದಾಗ, ಪ್ರವಾದಿ(ಸ)ರು ಮತ್ತು ಅಬೂಬಕರ್(ರ) ಕೂಲಿ ಕೊಟ್ಟು ನೇಮಿಸಿಕೊಂಡ ಮಾರ್ಗದರ್ಶಿ ಅಬ್ದುಲ್ಲಾ ಬಿನ್ ಉರೈಕಿತ್ ಆಗ ಮುಸ್ಲಿಮನಾಗಿರಲಿಲ್ಲ. ಆತ ದಾರಿ ಬಲ್ಲವನಾಗಿದ್ದನು, ನಂಬಿಕಸ್ಥನಾಗಿದ್ದನು. ಪ್ರಾಣವನ್ನೇ ಹಾಗೆ ಒಪ್ಪಿಸಿದ ಪ್ರವಾದಿಯ ಸಮುದಾಯಕ್ಕೆ ಪಕ್ಕಾಸು ಒಪ್ಪಿಸಲು ಸಂಕೋಚವೇಕೆ?

ಕೂಲಿಯ ವಿಷಯದಲ್ಲಿ ಸ್ನೇಹವು ಒಂದು ಕಷ್ಟ. ವಿದ್ಯುತ್ ಕೆಲಸ ಮಾಡಿದವನು ನನ್ನ ಸಹಪಾಠಿ. ಇಡೀ ವಯರಿಂಗ್ ಬದಲಿಸಿ, ನಿನ್ನಿಂದ ಹಣ ತೆಗೆದುಕೊಳ್ಳುವುದೇ ಎಂದನು. ಭಾನುವಾರ ಬಂದು ಹಂಚು ದಾಟಿಸಿದರೆ ಅದು ಸ್ನೇಹ. ಆದರೆ ಯಾವ ಕೆಲಸದಿಂದ ಅವನ ಮನೆಯ ಒಲೆ ಉರಿಯುತ್ತದೆಯೋ ಆ ಕೆಲಸವನ್ನು ಎಂಟು ದಿನ ಪುಕ್ಕಟೆ ಮಾಡಿಸಿಕೊಂಡರೆ ಅವನ ಮಕ್ಕಳ ಊಟದಿಂದ ನನ್ನ ಮನೆಗೆ ಬೆಳಕು ಬಂದಂತಾಗುತ್ತದೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿವಚನವನ್ನು ಭಾಷಣಗಳಲ್ಲಿ ಅಪರಿಚಿತ ಕಾರ್ಮಿಕರ ಬಗ್ಗೆಯಷ್ಟೇ ಹೇಳುತ್ತೇವೆ, ಸ್ನೇಹಿತನ ಬೆವರೂ ಆರುತ್ತದೆ. ಪ್ರತಿದಿನ ಅಸರ್ ನಮಾಝಿನ ನಂತರ ಎಲ್ಲರಿಗೂ ಅಂದಂದಿನ ಕೂಲಿ ಕೊಟ್ಟೆವು. ಸಹಪಾಠಿಯದನ್ನು ಅವನ ಹೆಂಡತಿಯ ಕೈಗೆ ತಂಗಿ ಮುಟ್ಟಿಸಿದಳು. ಅವನು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಮೇ ಎರಡನೆಯ ವಾರದ ಒಂದು ರಾತ್ರಿ, ಮೂಡಣ ಇಳಿಜಾರು ಮುಚ್ಚಿ ಪಡುವಣದ್ದು ಇನ್ನೂ ತೆರೆದಿದ್ದಾಗ, ಗುಡುಗು ಶುರುವಾಯಿತು. ಉಮ್ಮ ತಂಗಿಯ ಮನೆಯಲ್ಲಿದ್ದರು. ಕೆಳಗೆ ಇನ್ನೂ ಹಸಿ ಸುಣ್ಣದ ಗೋಡೆ, ಅಟ್ಟದ ಹಲಗೆಗಳು, ಉಪ್ಪನ ಪುಸ್ತಕಗಳ ಪೆಟ್ಟಿಗೆಗಳು. ನಾನು ಮೂರು ಕಡೆ ಫೋನ್ ಮಾಡಿದೆ. ಬಂದವರು ಹನ್ನೊಂದು ಮಂದಿ. ಆಚಾರ್ರ ಮಗ ಬೈಕಿನಲ್ಲಿ ಹಗ್ಗ ತಂದನು. ಪಕ್ಕದ ಶೆಟ್ಟರ ಮನೆಯ ಹುಡುಗರು ಅಡಿಕೆ ಒಣಗಿಸುವ ತಾಡಪಾಲು ಹೊತ್ತು ತಂದರು. ಮಸೀದಿಯಲ್ಲಿ ಮಲಗಿದ್ದ ಮೂವರು ಓಡಿ ಬಂದರು. ಮಿಂಚಿನ ಬೆಳಕಿನಲ್ಲಿ ರೀಪಿನ ಮೇಲೆ ನಿಂತು ಕಟ್ಟುವಾಗ ಯಾರ ಕೈಯನ್ನು ಯಾರು ಹಿಡಿದಿದ್ದರೆಂದು ತಿಳಿಯುತ್ತಿರಲಿಲ್ಲ. ಆದರೂ ಒಂದು ಮೂಲೆಯಿಂದ ನೀರು ಇಳಿದು ನಡುಮನೆ ಕೆಸರಾಯಿತು. ಸುಬ್‌ಹ್ ನಮಾಝನ್ನು ನಾವು ನಾಲ್ವರು ಆ ಕೆಸರಿನ ಪಕ್ಕದಲ್ಲೇ ಮಾಡಿದೆವು. ಖರ್ಜೂರದ ಗರಿಗಳ ಮಾಡಿನ ಮಸ್ಜಿದುನ್ನಬವಿ ರಮಝಾನಿನ ಒಂದು ರಾತ್ರಿ ಮಳೆಗೆ ಸೋರಿ, ಬೆಳಗಿನ ನಮಾಝಿನ ಬಳಿಕ ಪ್ರವಾದಿ(ಸ)ರ ಹಣೆಯಲ್ಲಿ ನೀರು ಮಣ್ಣಿನ ಗುರುತು ಕಂಡಿತ್ತೆಂದು ಅಬೂ ಸಈದ್ ಅಲ್ ಖುದ್ರಿ(ರ) ವರದಿ ಮಾಡಿದ್ದಾರೆ. ಅದನ್ನು ನೆನಪಿಸಿದಾಗ ಹುಡುಗರ ಮುಖದಲ್ಲಿ ಸ್ವಲ್ಪ ನಗು ಬಂತು. ನಮ್ಮ ಜಿಲ್ಲೆಯ ಹೆಸರು ಪತ್ರಿಕೆಗಳಲ್ಲಿ ಯಾವ ಕಾರಣಕ್ಕೆ ಬರುತ್ತದೆಂದು ಓದುಗರಿಗೆ ಗೊತ್ತು. ಆ ಕಾರಣಗಳ ನಡುವೆ ಈ ರಾತ್ರಿಯೂ ಒಂದು ಕಡೆ ದಾಖಲಾಗಿರಲಿ ಎಂದು ಇಷ್ಟನ್ನು ಬರೆದೆ.

ಮಾಡು ಪತ್ತನಾಜೆಗೆ ಎರಡು ದಿನ ಮೊದಲೇ ಮುಚ್ಚಿತು. ಅಲ್‌ಹಮ್ದುಲಿಲ್ಲಾಹ್. ಆ ಹೊತ್ತಿಗೆ ನೋಡಲು ಬರುವವರೆಲ್ಲ ಸಲಹೆಗಾರರಾಗಿದ್ದರು. ಇಷ್ಟು ಮಾಡಿದ ಮೇಲೆ ನೆಲಕ್ಕೆ ಗ್ರಾನೈಟು ಹಾಕಿ, ಜಗಲಿಗೆ ಕಂಬ ನಿಲ್ಲಿಸಿ, ಮುಂಬಾಗಿಲಿಗೆ ಕೆತ್ತನೆ ಮಾಡಿಸಿ. ಅಬ್ದುಲ್ಲಾ ಬಿನ್ ಅಮ್ರ್(ರ) ತಮ್ಮ ತಾಯಿಯೊಂದಿಗೆ ಮನೆಯ ಗೋಡೆಗೆ ಮಣ್ಣು ಮೆತ್ತುತ್ತಿದ್ದಾಗ ಪ್ರವಾದಿ(ಸ)ರು ಆ ದಾರಿಯಾಗಿ ಬಂದು, ಇದೇನೆಂದು ಕೇಳಿದರು. ದುರಸ್ತಿ ಮಾಡುತ್ತಿದ್ದೇನೆ ಎಂದರು ಅವರು. ಸಂಗತಿ ಇದಕ್ಕಿಂತಲೂ ಬೇಗನೆ ಬರಲಿದೆ ಎಂಬ ಅರ್ಥದ ಮಾತನ್ನು ಪ್ರವಾದಿ(ಸ)ರು ಹೇಳಿ ಮುಂದೆ ಹೋದರು. ಸಂಗತಿ ಎಂದರೆ ಮರಣ. ಆ ಹದೀಸನ್ನು ನಾನು ಓದುವ ರೀತಿ ಇದು: ದುರಸ್ತಿ ಮಾಡಬೇಡವೆಂದು ಅವರು ಹೇಳಲಿಲ್ಲ, ಗೋಡೆ ಕೆಡವಿಸಲೂ ಇಲ್ಲ. ಮಣ್ಣು ಮೆತ್ತುತ್ತಿರುವ ಕೈಗೆ ಒಂದು ಅಳತೆಯನ್ನು ಕೊಟ್ಟು ಹೋದರು. ಅಜ್ಜ ಹಾಕಿಸಿದ ಕಾವಿ ಬಣ್ಣದ ನೆಲವನ್ನು ಹಾಗೆಯೇ ಬಿಟ್ಟು, ಬಿರುಕುಗಳನ್ನಷ್ಟೇ ಮುಚ್ಚಿಸಿದೆವು. ಉಳಿದ ಹಣ ಉಮ್ಮನ ಕೋಣೆಗೆ ತಾಗಿಕೊಂಡ ಸ್ನಾನಗೃಹಕ್ಕೆ ಹೋಯಿತು. ಅಲ್ಲಿ ಕುಳಿತೇ ವುಝೂ ಮಾಡಲು ಮೇಸ್ತ್ರಿ ಮಂಡಿಯೆತ್ತರದ ಒಂದು ಕಟ್ಟೆ ಕಟ್ಟಿಕೊಟ್ಟರು, ಅದರ ಎತ್ತರವನ್ನು ಉಮ್ಮನನ್ನೇ ಕೂರಿಸಿ ಅಳೆದು.

ಜೂನ್ ಕೊನೆಯಲ್ಲಿ, ಜೋರು ಮಳೆಯ ನಡುವೆ, ಕಿರಿಯ ಅತ್ತೆ ಬಂದು ನಾಲ್ಕು ದಿನ ಉಳಿದರು. ಮೊದಲ ಕಂತು ಅವರಿಗೆ ಮುಟ್ಟಿತ್ತು. ಅದರಲ್ಲಿ ಮೊಮ್ಮಗಳ ಕಾಲೇಜಿನ ಶುಲ್ಕ ಕಟ್ಟಿದರಂತೆ. ಬಂದವರು ಮೊದಲ ದಿನವೇ ಕೊಡೆ ಹಿಡಿದು ರಸ್ತೆ ಬದಿಯ ತಮ್ಮ ಜಾಗವನ್ನು ನೋಡಿಕೊಂಡು ಬಂದರು, ಬೇಲಿ ಯಾವಾಗ ಹಾಕಿಸುತ್ತೀ ಎಂದು ಮಗನಿಗೆ ಫೋನಿನಲ್ಲಿ ಜೋರು ಮಾಡಿದರು. ಬಳಿಕ ಮನೆಯೊಳಗೆ ಕೋಣೆ ಕೋಣೆ ತಿರುಗಿ, ತಾನು ಹುಟ್ಟಿದ ಕೋಣೆಯ ಕಿಟಕಿಯನ್ನು ಯಾಕೆ ದೊಡ್ಡದು ಮಾಡಿದೆಯೆಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಗಾಳಿಗೆ ಎಂದೆ. "ಗಾಳಿ ಮೊದಲೂ ಇತ್ತು" ಎಂದರು. ಪಡುವಣ ಮೂಲೆಯಲ್ಲಿ ಒಂದು ಹಂಚಿನ ಸಂದಿಯಿಂದ ಹನಿ ಬೀಳುವುದನ್ನು ಕಂಡುಹಿಡಿದವರೂ ಅವರೇ. ಆಚಾರ್ರ ಮಗ ಮರುದಿನ ಬಂದು ಆ ಹಂಚನ್ನು ಬದಲಿಸಿ ಹೋದನು. ಕೊಟ್ಟಿಗೆಯಲ್ಲಿ ಇನ್ನೂ ಎಪ್ಪತ್ತು ಹಂಚು ಉಳಿದಿವೆ. ಕಂತುಗಳು ಎರಡು ಬಾಕಿ.